ಮಣ್ಣಿಗೆ ಹೋಗಿ ಬಂದವರ ನೀರು

ಒಳಾಂಗಣ ಈಜುಕೊಳವೆಂದರೆ ಏನೋ ಮಹಾ ಎಂದುಕೊಂಡಿದ್ದೆ. ಮಂಡ್ಯದಲ್ಲಿ ನಮ್ಮ ಬಡಾವಣೆಗೆ ಹತ್ತಿರವೇ, ತಗಡಿನ ಚಾವಣಿ ಹಾಕಿ, ನೀಲಿ ಟೈಲ್ಸ್ ಅಂಟಿಸಿ ಸಾರ್ವಜನಿಕರಿಗೆಂದು ತೆರೆದದ್ದು ಅದು. ಬಾಗಿಲು ತಳ್ಳಿದ ಕೂಡಲೇ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯುತ್ತದೆ. ಅದರ ಹಿಂದೆಯೇ ಇನ್ನೊಂದು ವಾಸನೆ ಬರುತ್ತದೆ. ಅದು ಏನೆಂದು ನನಗೆ ಚೆನ್ನಾಗಿ ಗೊತ್ತು.

ಯಾಕೆಂದರೆ ನಾನು ಮದ್ದೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೀವನವಿಡೀ ಕಂಡವರ ಮೂತ್ರ, ಕಫ ನೋಡಿದವಳಿಗೆ ಈಗ ಈ ಮಡಿ ಎಲ್ಲಿಂದ ಬಂತು ಎಂದು ಮನೆಯಲ್ಲಿ ರೇಗಿಸುತ್ತಾರೆ. ಅಲ್ಲಿ ಅವು ಸೀಸೆಯೊಳಗೆ ಇರುತ್ತಿದ್ದವು, ಸೀಸೆಯ ಮೇಲೆ ಹೆಸರು ಅಂಟಿಸಿರುತ್ತಿದ್ದರು. ಯಾರದೆಂದು ತಿಳಿಯದ ಉಗುಳಿನಲ್ಲಿ ಕುತ್ತಿಗೆವರೆಗೆ ಮುಳುಗಿ ನಿಲ್ಲು ಎಂದು ಯಾರೂ ನನಗೆ ಹೇಳಿರಲಿಲ್ಲ.

ಹಾಗೆ ಹೇಳಿದ್ದು ಮಂಡಿನೋವಿನ ಡಾಕ್ಟರು. ‘ನೀರಲ್ಲಿ ನಡೀರಿ, ಮಂಡಿ ಮೇಲೆ ಭಾರ ಬೀಳಲ್ಲ’ ಎಂದರು. ಹೆಂಗಸರಿಗೆ ಕೊಟ್ಟಿದ್ದ ಸಮಯ ಬೆಳಗಿನ ಗಂಡಸರ ಸರದಿಗಳೆಲ್ಲ ಮುಗಿದ ಮೇಲೆ. ಅಂದರೆ ಊರಿನ ಗಂಡಸರೆಲ್ಲ ತೊಳೆದುಕೊಂಡು ಬಿಟ್ಟ ನೀರು ನಮಗೆ. ಮೊದಲಿನ ಸರದಿ ನಮಗೆ ಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರು, ‘ಬೆಳಗಾಗೆದ್ದು ನೀವು ಇಲ್ಲಿಗ್ ಬಂದ್ರೆ ಮನೇಲಿ ತಿಂಡಿ ಮಾಡೋರ್ಯಾರು ಮೇಡಂ?’ ಎಂದು ನಕ್ಕ.

ಬಾಗಿಲಲ್ಲಿ ನಿಯಮಗಳ ದೊಡ್ಡ ಫಲಕವಿದೆ. ಇಳಿಯುವ ಮೊದಲು ಸ್ನಾನ ಮಾಡಿ. ಎಣ್ಣೆ ಹಚ್ಚಿಕೊಂಡು ಬರಬೇಡಿ. ನೈಲಾನ್ ಈಜುಡುಗೆ, ತಲೆಗೆ ಟೋಪಿ ಕಡ್ಡಾಯ. ಗಾಯ, ಚರ್ಮರೋಗ ಇದ್ದವರು ನೀರಿಗಿಳಿಯಬೇಡಿ. ಉಗುಳಬೇಡಿ. ಅದನ್ನು ಓದಿ ಮುಗಿಸಿದವರು ನೇರವಾಗಿ ಕೌಂಟರಿಗೆ ಹೋಗಿ ಕೇಳುತ್ತಿದ್ದ ಪ್ರಶ್ನೆಗಳನ್ನು ನಾನು ಬೆಂಚಿನ ಮೇಲೆ ಕುಳಿತು ಕಾಯುವಾಗ ಕೇಳಿಸಿಕೊಂಡಿದ್ದೇನೆ. ‘ಮನೇಲೇ ಸ್ನಾನ ಮಾಡ್ಕಂಡ್ ಬಂದಿವ್ನಿ, ಇನ್ನೊಂದ್ ಸ್ನಾನ ಯಾಕ್ಲಾ?’ ‘ರಾತ್ರಿ ಬಾಡೂಟ ಜೋರಾಗಿತ್ತು, ಇಳಿದ್ರೆ ಏನೂ ಆಗಾಕಿಲ್ವಾ?’ ‘ಬನೀನಲ್ಲೇ ಇಳಿಯಾದಾ?’ ಒಬ್ಬ ದೊಡ್ಡ ಮನುಷ್ಯ, ಮೊಮ್ಮಕ್ಕಳನ್ನು ಕಂಡವನು, ‘ಒಂದಕ್ಕೆ ಬಂದ್ರೆ ಮ್ಯಾಕ್ ಎದ್ ಬರ್ಲೇಬೇಕಾ?’ ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ.

ಷವರಿನ ಕೆಳಗೆ ನಿಂತು ತಲೆಗೆ ತೀರ್ಥದಷ್ಟು ನೀರು ಚಿಮುಕಿಸಿಕೊಂಡರೆ ಅವರ ಸ್ನಾನವಾಯಿತು. ಕೊಳದ ಅಂಚಿನ ಸುತ್ತ ಸಣ್ಣದೊಂದು ಕಾಲುವೆ ಇದೆ, ತುಳುಕಿದ ನೀರು ಅದರೊಳಗೆ ಬೀಳುತ್ತದೆ. ಅದನ್ನು ಚರಂಡಿ ಎಂದುಕೊಂಡು ದಿನವೂ ಒಬ್ಬ ಅಲ್ಲೇ ಕೂತು ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ‘ಅದು ಚರಂಡಿ ಅಲ್ಲಪ್ಪ, ಆ ನೀರು ಸೋಸಿಕೊಂಡು ಮತ್ತೆ ಕೊಳಕ್ಕೇ ಬರುತ್ತೆ’ ಎಂದು ಬೆಂಚಿನಿಂದಲೇ ಕೂಗಿ ಹೇಳಿದೆ. ‘ಸೋಸ್ತಾರಲ್ಲ, ಇನ್ನೇನು ಬುಡಮ್ಮ’ ಎಂದ.

ಹೆಂಗಸರೇನು ಕಡಿಮೆಯಿಲ್ಲ. ಶುಕ್ರವಾರವಾದರೆ ತಲೆಗೆ ಹರಳೆಣ್ಣೆ ತಟ್ಟಿಕೊಂಡು, ಕೆನ್ನೆಗೆ ಅರಿಸಿನ ಬಳಿದುಕೊಂಡು ಹಾಗೆಯೇ ಇಳಿಯುತ್ತಿದ್ದರು. ಅಂಥವರೇ ಒಂದು ದಿನ ಮೂಗು ಮುರಿದದ್ದು ಒಬ್ಬಳು ಹೊಸಬಳನ್ನು ನೋಡಿ. ಮೆಕ್ಯಾನಿಕ್ಕನ ಹೆಂಡತಿ, ಸಾಬರ ಹುಡುಗಿ, ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚುವ ನೈಲಾನ್ ಉಡುಗೆಯನ್ನು ತಾನೇ ಹೊಲಿದು ತಂದಿದ್ದಳು. ‘ಅಷ್ಟ್ ಬಟ್ಟೆ ಆಕ್ಕಂಡ್ ಇಳಿದ್ರೆ ನೀರು ಗಲೀಜಾಗಲ್ವಾ?’ ಎಂದರು ಹರಳೆಣ್ಣೆಯವರು. ಅವಳು ಜಗಳಕ್ಕೆ ನಿಲ್ಲಲಿಲ್ಲ. ಉಡುಗೆಯನ್ನು ಬಕೆಟ್ಟಿನಲ್ಲಿ ನೆನೆಸಿ, ಬಿಳಿ ಟವೆಲ್ಲಿನ ಮೇಲೆ ಹಿಂಡಿ, ಬಣ್ಣ ಬಿಡುವುದಿಲ್ಲವೆಂದು ಮ್ಯಾನೇಜರಿಗೆ ತೋರಿಸಿದಳು. ನಂತರ ಷವರಿನ ಕೆಳಗೆ ನಿಂತು ಸೋಪು ಹಚ್ಚಿ ಸರಿಯಾಗಿ ಸ್ನಾನ ಮಾಡಿದಳು. ಆ ಫಲಕ ಬರೆಸಿದ ಮೇಲೆ ಅದರ ಪ್ರಕಾರ ನಡೆದ ಮೊದಲ ಪ್ರಾಣಿ ಅವಳೇ ಇರಬೇಕು.

ಅವಳು ಬಂದದ್ದು ಮಂಡಿನೋವಿಗಲ್ಲ. ಅವರ ಮನೆಗೆ ಹೋಗಲು ನಾಲೆ ಏರಿಯ ಮೇಲೇ ದಾರಿ, ತಡೆಗೋಡೆ ಇಲ್ಲ. ಗಂಡನ ಸ್ಕೂಟರಿನಲ್ಲಿ ಮುಂದೊಂದು ಮಗು ನಿಲ್ಲುತ್ತದೆ, ಇವಳ ಮಡಿಲಲ್ಲಿ ಇನ್ನೊಂದು. ನಾಲೆಗೆ ಬಿದ್ದವರ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ‘ಏರಿ ಮೇಲ್ ಬಂದ್ ತಕ್ಷಣ ಕಣ್ ಮುಚ್ಕಂಡ್ ಬುಡ್ತೀನಿ ಅಕ್ಕಾ. ಮನೆ ಬಂತು ಅಂದ್ ಮ್ಯಾಲೇ ಬುಡಾದು’ ಎಂದಳು. ನಾಲೆಯಲ್ಲಿ ಆಗ ನೀರು ನಿಲ್ಲಿಸಿದ್ದರು. ಮತ್ತೆ ಬಿಡುವುದರೊಳಗೆ ಈಜು ಕಲಿಯಬೇಕು, ಮಕ್ಕಳನ್ನು ಎತ್ತಿ ಹಿಡಿಯುವಷ್ಟಾದರೂ ಬರಬೇಕು ಎಂಬುದು ಅವಳ ಲೆಕ್ಕ.

ಕಲಿಸುವವರಾರು? ಕಲಿಸುತ್ತಿದ್ದ ಹುಡುಗಿ ಮದುವೆಯಾಗಿ ಮಳವಳ್ಳಿಗೆ ಹೋಗಿಬಿಟ್ಟಿದ್ದಳು. ಹೆಂಗಸರ ಹೊತ್ತಿನಲ್ಲಿ ಗಂಡು ತರಬೇತುದಾರ ಒಳಗೆ ಬರುವಂತಿಲ್ಲ. ಅಲ್ಲಿ ಈಜು ಬರುತ್ತಿದ್ದದ್ದು ನನಗೊಬ್ಬಳಿಗೇ, ಅದೂ ಚಿಕ್ಕವಳಿದ್ದಾಗ ಬಸರಾಳಿನ ಕಡೆಯ ನಮ್ಮ ಹೊಲದ ಬಾವಿಯಲ್ಲಿ ಕಲಿತದ್ದು. ಆದರೆ ಈ ಕೊಳದಲ್ಲಿ ನಾನು ಈಜುತ್ತಿರಲಿಲ್ಲ. ಕೆರೆಗಿಳಿದ ಎಮ್ಮೆಯ ಹಾಗೆ ಗದ್ದ ಎತ್ತಿಕೊಂಡು ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದೆ. ಒಂದು ಹನಿ ತುಟಿಗೆ ಹಾರಿದರೆ ಮೇಲೆ ಬಂದು ಬಾಯಿ ಮುಕ್ಕಳಿಸುತ್ತಿದ್ದೆ. ಆದ್ದರಿಂದ ನಿಂತಲ್ಲೇ ನಿಂತು ಅವಳಿಗೆ ಬಾಯಲ್ಲಿ ಹೇಳಿಕೊಟ್ಟೆ. ಕೈ ಹೀಗೆ ಬೀಸು, ಕಾಲು ಹಾಗೆ ಬಡಿ. ಅವಳು ಅಷ್ಟನ್ನೂ ಮಾಡುತ್ತಿದ್ದಳು. ಮುಖ ನೀರಿಗೆ ತಾಗಿದ್ದೇ ಕಣ್ಣು ಬಿಗಿಯಾಗಿ ಮುಚ್ಚಿ, ಕೈಕಾಲು ಸೆಟೆದು, ಕಲ್ಲಿನಂತೆ ಕೆಳಗಿಳಿಯುತ್ತಿದ್ದಳು.

ಹೀಗಿರುವಾಗ ಆ ದಿನ ಬಂತು. ನಾವು ಐದಾರು ಜನ ಹೆಂಗಸರು ಬಟ್ಟೆ ಬದಲಿಸಿ ಹೊರಗೆ ಬಂದರೆ ಕೊಳದಲ್ಲಿ ಇನ್ನೂ ಗಂಡಸರ ಗುಂಪು. ಚಡ್ಡಿಯಲ್ಲಿ ಇಳಿದು, ಮೂಗು ಹಿಡಿದುಕೊಂಡು ಮುಳುಗಿ ಏಳುತ್ತಿದ್ದರು. ನೀರಿನ ಮೇಲೆ ಚೆಂಡುಹೂವಿನ ಎಸಳು ತೇಲುತ್ತಿತ್ತು. ಅಲ್ಲಲ್ಲಿ ನೆನೆದು ಉಬ್ಬಿದ ಕಡ್ಲೆಪುರಿ. ಹೂವು, ಪುರಿ ಎರಡನ್ನೂ ಒಟ್ಟಿಗೆ ಯಾವಾಗ ಎರಚುತ್ತಾರೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

‘ಎಲ್ಲಿಂದ ಬಂದ್ರಿ ನೀವು?’ ಎಂದೆ.

‘ಮಣ್ಣಿಗೆ ಓಗಿದ್ದೊ ಕಣಮ್ಮ’ ಎಂದ ಅವರಲ್ಲಿ ಹಿರಿಯನೊಬ್ಬ, ಕೈಯ ಕೆಮ್ಮಣ್ಣನ್ನು ನೀರಿನಲ್ಲಿ ಉಜ್ಜಿ ತೊಳೆಯುತ್ತ. ‘ಸಾವಿನ್ ಮನೆಯಿಂದ ಅಂಗೇ ಮನೆ ಒಳಿಕ್ ಓಗಕಾಯ್ತದಾ? ನಾಲೇಲಿ ನೀರಿಲ್ಲ. ಅದ್ಕೇ ಇಲ್ಲೊಂದ್ ಮುಳುಗ್ ಆಕ್ಬುಟ್ ಓಗವ ಅಂತ.’

‘ನಿಮ್ಮ ಮನೆ ಮೈಲಿಗೆ ಆಗಬಾರದು, ನಮ್ಮ ಬಾಯಿ ಆಗಬಹುದಾ?’ ಎಂದು ಕಿರುಚಿದೆ. ಮ್ಯಾನೇಜರು ಓಡಿ ಬಂದು, ಬೇಕಾದವರು, ಕೇಳಿದರು, ಇಲ್ಲ ಅನ್ನಲಾಗಲಿಲ್ಲ ಎಂದು ತಲೆ ಕೆರೆದುಕೊಂಡ. ಸ್ನಾನ ಮಾಡಿ ಕೊಳಕ್ಕಿಳಿಯಿರಿ ಎಂದು ಬಾಗಿಲಲ್ಲಿ ಬರೆಸಿದವನೇ ಕೊಳವನ್ನು ಬಚ್ಚಲು ಮಾಡಿಟ್ಟಿದ್ದ. ನನಗೆ ಥೂ ಎನ್ನಿಸಿತು. ಉಗುಳೋಣವೆಂದರೆ ಅದಕ್ಕೂ ನಿಯಮ ಅಡ್ಡ ಬಂತು.

ಹರಳೆಣ್ಣೆಯವರು ಅಂದೇ ಗಂಟುಮೂಟೆ ಕಟ್ಟಿದರು. ಸೂತಕದ ನೀರಿಗೆ ಇಳಿಯುವುದುಂಟೇ? ಮರುದಿನದಿಂದ ನಮ್ಮಿಬ್ಬರನ್ನು ಬಿಟ್ಟು ಯಾರೂ ಬರಲಿಲ್ಲ. ಇಬ್ಬರಿಗಾಗಿ ಪಂಪು ಓಡಿಸುವುದು ದಂಡ, ಹೆಂಗಸರ ಹೊತ್ತು ಶನಿವಾರಕ್ಕೆ ಕೊನೆ ಎಂದು ಮ್ಯಾನೇಜರು ಹೇಳಿಬಿಟ್ಟ. ನಿಜ ಹೇಳಬೇಕೆಂದರೆ ನನಗೂ ಬಿಟ್ಟರೆ ಸಾಕಾಗಿತ್ತು, ಮಂಡಿ ಹಾಳಾದರೆ ಹಾಳಾಗಲಿ. ಅವಳು ಮಾತ್ರ ಸೋಪು ಹಚ್ಚಿ ಸ್ನಾನ ಮುಗಿಸಿ, ಕಂಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

‘ನಿನಗೆ ಅಸಹ್ಯ ಅನ್ನಿಸಲ್ವಾ?’ ಎಂದೆ.

‘ಸತ್ತೋರಿಂದ ನೀರೇನ್ ಕೆಡ್ತದಕ್ಕಾ, ಪಾಪ. ನಂಗೆ ಬದುಕಿರೋರ್ ಉಗುಳೇ ಅಸಹ್ಯ’ ಎಂದಳು. ‘ಆದ್ರೂ ನಾಲೆಗೆ ಬಿದ್ರೆ ಈ ನೀರ್ ಚೆಂದಾಗದೆ, ಆ ನೀರ್ ಚೆಂದಾಗಿಲ್ಲ ಅನ್ನಾಕಾಯ್ತದಾ?’

ಶನಿವಾರ ಬಂದರೂ ಅವಳು ಕಲ್ಲಿನಂತೆ ಮುಳುಗುವುದು ನಿಲ್ಲಲಿಲ್ಲ. ಕೆಮ್ಮುತ್ತ ಎದ್ದು ನಿಂತವಳ ಕಣ್ಣಿನಿಂದ ಇಳಿಯುತ್ತಿದ್ದದ್ದು ಬರೀ ಕೊಳದ ನೀರಲ್ಲ ಎಂದು ಗೊತ್ತಾಯಿತು. ಆಗ ನನಗೆ ನಮ್ಮ ಬಾವಿ ನೆನಪಾಯಿತು. ನಮ್ಮಪ್ಪ ತೇಲಲೆಂದು ಕಟ್ಟಿದ್ದ ಒಣಗಿದ ಸೋರೆಬುರುಡೆಯನ್ನು ನನ್ನ ಸೊಂಟದಿಂದ ಬಿಚ್ಚಿದ ದಿನ ನಾನೂ ಹೀಗೆಯೇ ಕಣ್ಣು ಮುಚ್ಚಿ ಸೆಟೆದುಕೊಂಡಿದ್ದೆ. ಅವನು ದಡದಲ್ಲಿ ನಿಂತು ಪಾಠ ಹೇಳಲಿಲ್ಲ. ತಾನೂ ತಲೆ ಮುಳುಗಿಸಿ ನನ್ನೆದುರು ಬಂದಿದ್ದ. ‘ನೀರೊಳ್ಗೆ ಕಣ್ ಬುಟ್ಟು ನನ್ ಮೊಕ ನೋಡವ್ವ. ಎಲ್ಲೂ ಓಗಾಕಿಲ್ಲ ನಾನು’ ಎಂದು ಮುಳುಗುವ ಮೊದಲೇ ಹೇಳಿದ್ದ.

ನೀರನ್ನು ನೋಡಿದೆ. ಮೂಲೆಯಲ್ಲಿ ಗಾಯಕ್ಕೆ ಹಾಕುವ ಪಟ್ಟಿಯೊಂದು ಅಂಟು ಕಳಚಿಕೊಂಡು ತೇಲುತ್ತಿತ್ತು. ಒಂದು ಕಾಳು ಪುರಿ ಇನ್ನೂ ಎಲ್ಲಿತ್ತೋ, ಬೂಷ್ಟು ಹಿಡಿದು ನನ್ನ ತೋಳಿಗೆ ತಾಗಿತು. ಕ್ಯಾಕರಿಸುತ್ತಿದ್ದವನ ಮುಖ, ಕೆಮ್ಮಣ್ಣಿನ ಕೈ, ಬನೀನು, ಹರಳೆಣ್ಣೆ ಎಲ್ಲವೂ ಗಂಟಲಿಗೆ ಬಂದವು. ಅವಳ ಎರಡೂ ಕೈ ಹಿಡಿದುಕೊಂಡೆ.

‘ನಾನೂ ಮುಳುಗ್ತೀನಿ. ಒಳಗೆ ಕಣ್ಣು ಬಿಟ್ಟು ನನ್ನ ಮುಖ ನೋಡು, ಬೇರೇನೂ ನೋಡಬೇಡ. ಎಲ್ಲೂ ಹೋಗಲ್ಲ ನಾನು’ ಎಂದೆ.

ಮುಳುಗಿದೆ. ಕಣ್ಣು ಬಿಟ್ಟೆ. ಉರಿಯಿತು. ಮಂಕು ನೀರಿನಲ್ಲಿ ಅವಳ ಮುಖ, ಮೊದಲು ಮುಚ್ಚಿದ ರೆಪ್ಪೆ, ಆಮೇಲೆ ಒಂದು ಕಣ್ಣು, ಆಮೇಲೆ ಎರಡೂ. ಬಿಗಿದ ಅವಳ ಬೆರಳುಗಳು ಸಡಿಲವಾದವು. ನಾನು ಹಿಂದೆ ಸರಿಯುತ್ತ ಹೋದೆ, ಅವಳು ನನ್ನ ಮುಖವನ್ನು ಬಿಡದೆ ನೋಡುತ್ತ ಬಂದಳು. ಉಸಿರು ಕಟ್ಟಿದಾಗ ಇಬ್ಬರೂ ಎದ್ದೆವು, ಮತ್ತೆ ಮುಳುಗಿದೆವು. ಕೊನೆಯಲ್ಲಿ ನಾನು ಕೈ ಬಿಟ್ಟಿದ್ದು ಅವಳಿಗೆ ಗೊತ್ತಾಗಲಿಲ್ಲ. ಆಚೆ ಗೋಡೆ ಮುಟ್ಟಿದ ಮೇಲೆ ನೋಡಿಕೊಂಡಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಯಿ ತೆರೆದು ಜೋರಾಗಿ ನಕ್ಕೆ, ಆ ನೀರು ಒಂದು ಗುಟುಕು ಒಳಗೇ ಹೋಯಿತು. ಮನೆಗೆ ಬಂದು ಎರಡು ಸಲ ಸೀಗೆಪುಡಿ ಹಾಕಿ ತಲೆ ತೊಳೆದೆ. ಮೂರು ಲೋಟ ಮೆಣಸಿನ ಸಾರು ಕುಡಿದೆ. ಅಸಹ್ಯ ಹೋಗಲಿಲ್ಲ.

ಹೆಂಗಸರ ಹೊತ್ತು ಅಂದಿಗೆ ಮುಗಿಯಿತು. ಫಲಕ ಮಾತ್ರ ಈಗಲೂ ಅಲ್ಲೇ ಇದೆ, ಹೊಸ ಬಣ್ಣ ಹೊಡೆಸಿದ್ದಾರೆ.

ನಾಲೆಗೆ ನೀರು ಬಿಟ್ಟ ಮೇಲೆ ಒಂದು ದಿನ ಅವಳು ನನ್ನ ಬ್ಲೌಸು ಕೊಡಲು ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಮುಖ ಕಿವುಚಿಕೊಂಡು, ‘ಥೂ, ಎಷ್ಟ್ ಗಲೀಜು ಅಕ್ಕಾ ಆ ನಾಲೆ ನೀರು!’ ಎಂದಳು. ‘ಪ್ಲಾಸ್ಟಿಕ್ಕು, ಚಪ್ಲಿ, ಸತ್ತಿರೋ ಕೋಳಿ. ದಾರಿ ಉದ್ದಕ್ಕೂ ನೋಡ್ಕಂಡ್ ಬಂದೆ. ಇಷ್ಟ್ ವರ್ಸ ಗೊತ್ತೇ ಇರ್ಲಿಲ್ಲ ನಂಗೆ.’