ಕುರಿ ಕಂಡಲ್ಲಿ ಹಾರ್ನ್ ಹಾಕದ ಕರೆಪ್ಪ

ಮೇಲವಂಕಿಯ ಕರೆಪ್ಪ ಕುರಿ ಕಾಯುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಗೋಕಾಕದ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವುದು, ಅವರು ಬ್ಯಾಡೆಂದು ಎದ್ದು ಹೋದಮೇಲೆ ಮಡಚಿಡುವುದು ಅವನ ಕೆಲಸ. ದಿನದ ಮುಕ್ಕಾಲು ಪಾಲು ಮಡಚುವುದರಲ್ಲೇ ಹೋಗುತ್ತಿತ್ತು. ಆದರೂ ತಿಂಗಳಿಗೊಮ್ಮೆ ಪಗಾರ ಬರುತ್ತಿತ್ತು, ಕುರಿಗಳಿಗೆ ಬಂದಂತೆ ಸೀರೆಗಳಿಗೆ ರೋಗ ಬರುತ್ತಿರಲಿಲ್ಲ.

ಹೋಗಿಬರಲು ಮೊದಲು ಬಸ್ಸಿತ್ತು, ಆಮೇಲೆ ಹಳೆಯ ಪೆಟ್ರೋಲ್ ಬೈಕು. ಅವನು ಊರಬಾಗಿಲಾದ ಅಗಸಿ ದಾಟುವ ಮೊದಲೇ ಆ ಬೈಕಿನ ಗದ್ದಲ ಮನೆ ಮುಟ್ಟುತ್ತಿತ್ತು, ಹೆಂಡತಿ ಗೌರವ್ವ ಅದನ್ನು ಕೇಳಿಯೇ ರೊಟ್ಟಿಗೆ ಹೆಂಚು ಇಡುತ್ತಿದ್ದಳು. ಅದು ಕೈಕೊಟ್ಟ ಮೇಲೆ ಹೋದ ದೀಪಾವಳಿಗೆ ಎಲೆಕ್ಟ್ರಿಕ್ ಬೈಕು ತಂದ. ಊರವರು ಸುಮ್ಮನಿರುತ್ತಾರೆಯೇ?

"ಏನೋ ಕರೆಪ್ಪ, ಗಾಡಿ ಚಾಲೂ ಐತೋ, ಇಲ್ಲಾ ಗಾಳಿ ನೂಕಾಕತ್ತೈತೋ?" ಎಂದು ಕಟ್ಟೆಯ ಮೇಲಿನವರು ಕೇಳಿದರು.

ಅವನು ನಕ್ಕು ಮುಂದೆ ಹೋಗುತ್ತಿದ್ದ. ಮನೆಯಲ್ಲಿ ಕರೆಂಟು ಬಂದಿತು ಎನ್ನುವುದರೊಳಗೆ ಹೋಗುತ್ತಿತ್ತು, ಹಾಗಾಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾರ್ಜಿಗೆ ಹಾಕುತ್ತಿದ್ದ. "ಸೀರಿ ಮಾರಾಕ ಬರ್ತಿಯೋ, ಗಾಡಿ ಮೇಸಾಕ ಬರ್ತಿಯೋ?" ಎಂದು ಮಾಲಕ ಗೊಣಗುತ್ತಿದ್ದ. ಎದುರುಗಾಳಿಯಿದ್ದ ದಿನ ಎಷ್ಟು ಚಾರ್ಜು ಉಳಿದಿದೆ ಎಂದು ಮೀಟರು ನೋಡುವುದೇ ಒಂದು ಚಿಂತೆ. ಆದರೂ ಗಾಡಿಯ ಮೇಲೆ ಅವನಿಗೆ ಜೀವ.

ಕರೆಪ್ಪನ ಪಕ್ಕದ ಮನೆಯೇ ಸೋದರಮಾವ ಬೀರಸಿದ್ದಪ್ಪನದು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಅರವತ್ತು ಕುರಿಗಳಿದ್ದವು. ಅಪ್ಪ ಸತ್ತ ಮೇಲೆ ಕರೆಪ್ಪನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಕುರಿ ಕಾಯುವವರ ಒಂದು ನೇಮವನ್ನು ಕಲಿಸಿದವನೂ ಅವನೇ. ಹಿಂಡಿನಲ್ಲಿ ಎಳೆಮರಿಗಳಿದ್ದರೆ ಹಾರ್ನ್ ಹಾಕಬಾರದು. ತಾಯಿಕುರಿ ಬೆದರಿ ಒಂದು ಕಡೆ ಓಡುತ್ತದೆ, ಮರಿ ಗಾಲಿಯ ಕೆಳಗೆ ಬರುತ್ತದೆ. ಬೇರೆಯವರು ಬೇಕಾದ್ದು ಮಾಡಲಿ, ಕುರುಬನ ಮಗ ಹಾರ್ನ್ ಹಾಕಿದರೆ ಹಿಂಡಿನವರು ಹೆತ್ತವರನ್ನೇ ಬೈಯುತ್ತಿದ್ದರು. ಪೆಟ್ರೋಲ್ ಬೈಕಿನಲ್ಲಿ ಅದರಿಂದ ತೊಂದರೆಯಾಗಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿ ಮಾವ ತಿರುಗಿಯೂ ನೋಡದೆ ಬದಿಗೆ ಸರಿಯುತ್ತಿದ್ದ.

ಹೊಸ ಗಾಡಿ ಕೊಡುವಾಗ ಶೋರೂಮಿನವರು ಬ್ಯಾಟರಿಗೆ ನೀರು ತಾಗಿಸಬೇಡ ಎಂದು ನೂರು ಸಲ ಹೇಳುತ್ತಾರೆ. ಹಳೆಯ ರೂಢಿಯಲ್ಲಿ ಯಾವುದನ್ನು ಬಿಡಬೇಕೆಂದು ಯಾರು ಹೇಳುತ್ತಾರೆ?

ಸಂಕ್ರಾಂತಿ ಮುಗಿದ ವಾರ. ಎರಡೂ ಕಡೆ ಕಬ್ಬು, ನಡುವೆ ಮಂಜು. ರಸ್ತೆಯ ಎಡಕ್ಕೆ ಹಿಂಡು ಹೋಗುತ್ತಿತ್ತು, ಬಲಕ್ಕೆ ಮಾವ ತಲೆಯ ಮೇಲೆ ಕಂಬಳಿ ಹೊದ್ದು ನಡೆದಿದ್ದ. ಕರೆಪ್ಪನಿಗೆ ಎಳೆಮರಿಗಳು ಕಂಡವು. ವೇಗ ತಗ್ಗಿಸಿದ, ಹಾರ್ನ್ ಹಾಕಲಿಲ್ಲ. ಹಿಂಡಿಗೂ ಮಾವನಿಗೂ ನಡುವಿನ ಜಾಗದಲ್ಲಿ ನಿಧಾನವಾಗಿ ಗಾಡಿ ಬಿಟ್ಟ. ಅಷ್ಟರಲ್ಲಿ ಒಂದು ಮರಿ ರಸ್ತೆಯ ನಡುವೆ ನಿಂತದ್ದು ಕಂಡು, ಸದ್ದಿಲ್ಲದ್ದರಿಂದ ಹಿಂದೆ ಏನೂ ಬರುತ್ತಿಲ್ಲವೆಂದು ನಂಬಿ, ಮಾವ ಅಡ್ಡ ಬಂದ. ಹ್ಯಾಂಡಲ್ ಬಡಿಯಿತು. ಮರಿಗೆ ಏನೂ ಆಗಲಿಲ್ಲ. ಮಾವನ ಸೊಂಟದ ಕೀಲು ಮುರಿಯಿತು.

ದವಾಖಾನೆಯಲ್ಲಿ ರಾಡು ಹಾಕಿದರು. ಮನೆಯೊಳಗೆ ವಾಕರ್ ಹಿಡಿದು ನಡೆದರೆ ಅದೇ ದೊಡ್ಡದು ಎಂದರು. ಕರೆಪ್ಪ ಮಾವನ ಕಾಲ ಹತ್ತಿರ ಕೂತು ಅತ್ತ.

"ಅಳಬ್ಯಾಡೋ. ನಾ ಕಲಿಸಿದಂಗ ಮಾಡಿದಿ, ನಿಂದೇನ ತಪ್ಪ?" ಎಂದ ಮಾವ.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾವನನ್ನು ಕರೆಪ್ಪ ತನ್ನ ಮನೆಗೇ ಕರೆತಂದ. ಕುರಿಗಳಿಗೆ ಒಬ್ಬ ಆಳನ್ನು ಇಟ್ಟರು, ಅವನು ತಿಂಗಳಿಗೇ ಕಬ್ಬು ಕಡಿಯಲು ಹೋದ. ಕರೆಪ್ಪ ಹದಿನೈದು ದಿನ ರಜೆ ಹಾಕಿ ತಾನೇ ಕೋಲು ಹಿಡಿದ. ಸೀರೆ ಮಡಚಿದ ಕೈಗೆ ಕುರಿ ಬಗ್ಗುತ್ತವೆಯೇ? ಅವನು ಕೂಗಿದರೆ ಒಂದೂ ತಿರುಗಿ ನೋಡಲಿಲ್ಲ. ಯಾರದೋ ಗೋವಿನಜೋಳಕ್ಕೆ ನುಗ್ಗಿದವು, ಬೈಗುಳ ತಿಂದು ಬಂದ. ಅಂಗಡಿಯ ಮಾಲಕ ಫೋನ್ ಮಾಡಿ, ಬರದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದ. ಕರೆಪ್ಪ ಅಂಗಡಿಗೆ ಮರಳಿದ ಮೇಲೆ ಕುರಿಗಳು ದೊಡ್ಡಿಯಲ್ಲೇ ನಿಂತು ಸೊರಗಿದವು, ನಾಲ್ಕು ಸತ್ತವು.

"ಕುರಿ ಕೊಡೂಣು ಅಂತ ಮಾವಗ ಹೇಳ್ರಿ," ಎಂದಳು ಗೌರವ್ವ. "ಯಾರರ ಒಬ್ರು ಹೇಳಬೇಕಲ್ಲ?"

ಒಂದು ಸಂಜೆ ಕರೆಪ್ಪ ಧೈರ್ಯ ಮಾಡಿ ಹೇಳಿದ.

"ಒಂದ ತಿಂಗಳ ತಡಿ," ಎಂದ ಮಾವ. "ಅಗಸಿ ತನಕ ನಡದ ತೋರಸ್ತೇನಿ. ಅಲ್ಲಿ ತನಕ ಹೋದ್ನಂದ್ರ ಹಿಂಡಿನ ಬೆನ್ನ ಹತ್ತಾಕೂ ಆಗತೈತಿ. ಆಗಲಿಲ್ಲಂದ್ರ ಮಾರಿ ಬಿಡು."

"ಆತ್ರಿ ಮಾವಾ, ತಿಂಗಳ ತಡೀತೇನಿ," ಎಂದ ಕರೆಪ್ಪ.

ಮಾವ ನಡೆಯತೊಡಗಿದ. ಮೊದಲ ದಿನ ಹೊಸ್ತಿಲು, ನಾಲ್ಕನೆಯ ದಿನ ಅಂಗಳ. ಎರಡು ವಾರಕ್ಕೆ ಓಣಿಯ ಬೇವಿನ ಮರ. ಅಲ್ಲಿಂದ ಮುಂದೆ ಹೋಗಲಾರದೆ ಮರಕ್ಕೆ ಒರಗಿ ನಿಂತು, ಹಲ್ಲು ಕಚ್ಚಿ ಹಿಂತಿರುಗುತ್ತಿದ್ದ. ಅಗಸಿ ಆ ಮರದಿಂದ ಇನ್ನೂ ಮೂರು ಪಟ್ಟು ದೂರ.

ಆಗದ ಮಾತು ಎಂದು ಕರೆಪ್ಪ ಮನಸ್ಸಿನಲ್ಲೇ ತೀರ್ಮಾನಿಸಿದ. ಯಮಕನಮರಡಿಯ ವ್ಯಾಪಾರಿಯೊಬ್ಬ, ಈ ವಾರವಾದರೆ ಇಡೀ ಹಿಂಡು ಒಯ್ಯುತ್ತೇನೆ, ಆಮೇಲೆ ಇಲ್ಲ ಎಂದ. ಇವನು ಹೂಂ ಅಂದ. ಕುರಿ ಏರಿಸುವುದನ್ನು ಮಾವ ನೋಡಬಾರದು, ಆ ಜೀವ ತಡೆಯಲಾರದು ಎಂದು, ಮಾವ ಸಂಜೆ ವಾಕರ್ ಹಿಡಿದು ಹೊರಬೀಳುವ ಹೊತ್ತಿಗೇ ಟೆಂಪೋ ಕರೆಸಿದ. ಬೇವಿನ ಮರದಿಂದ ದೊಡ್ಡಿ ಕಾಣುವುದಿಲ್ಲ ಎಂಬುದು ಅವನ ಲೆಕ್ಕ. ಕರೆಪ್ಪನ ಕೆಟ್ಟತನ ಯಾವಾಗಲೂ ಇಷ್ಟೇ, ಒಳ್ಳೆಯದು ಮಾಡಲು ಹೋಗಿ ಮಾಡುವುದು.

ಕುರಿಗಳು ಏರಿದವು, ಎರಡು ಟೆಂಪೋ ಹೊರಟವು. ಮಾವ ಮಾತ್ರ ಬರಲಿಲ್ಲ. ಕತ್ತಲಾಗತೊಡಗಿತು. ಕರೆಪ್ಪ ಬೇವಿನ ಮರದ ತನಕ ಹೋಗಿ ನೋಡಿದ, ಯಾರೂ ಇರಲಿಲ್ಲ. ಓಣಿ ಹಿಡಿದು ಓಡಿದ.

ಬೀರಸಿದ್ದಪ್ಪ ಅಗಸಿಯ ಬಾಗಿಲಲ್ಲಿ ನಿಂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಊರಿಂದ ಹೊರಗೆ ಹೋಗುವ ಗಾಡಿಗಳಿಗೆ ಅದೊಂದೇ ದಾರಿ. ಟೆಂಪೋಗಳು ಹೋದ ದಿಕ್ಕಿಗೆ ನೋಡುತ್ತಿದ್ದವನು ಅಳಿಯನ ಹೆಜ್ಜೆ ಕೇಳಿ ಮುಖ ತಿರುಗಿಸಿದ.

"ನಡದ ಬಂದೇನಿ ಕರೆಪ್ಪ," ಎಂದ. "ತಿಂಗಳ ತುಂಬಾಕ ಇನ್ನೂ ಒಂಬತ್ತ ದಿನ ಅದಾವು."