ಮಂಡಿ ಯಜಮಾನರ ಹಗುರ ರಿವಾಲ್ವರು

ಹೋದ ತಿಂಗಳು ತಿಪಟೂರಿನ ಬಟ್ಟೆ ಅಂಗಡಿಯೊಂದರಲ್ಲಿ ಪಟ್ಟಾಪಟ್ಟಿ ಚಡ್ಡಿ ಕೊಳ್ಳುವ ಗುರುತರ ಕಾರ್ಯದಲ್ಲಿ ತೊಡಗಿದ್ದೆ. ಅಂಗಡಿಯವನು ಒಂದನ್ನು ಬಿಡಿಸಿ ಹರಡಿ, ಅದರ ಜೇಬಿನೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿ, "ನೋಡಿ ಸಾರ್, ಎಂಥಾ ಮೊಬೈಲ್ ಬೇಕಾದ್ರೂ ಇಟ್ಕಳಿ, ಐತೆ ಅಂತ್ಲೇ ಗೊತ್ತಾಗಕಿಲ್ಲ" ಎಂದ. ನನಗೆ ಆ ಜೇಬಿನಲ್ಲಿ ಮೊಬೈಲು ಕಾಣಲಿಲ್ಲ. ರಿವಾಲ್ವರು ಕಂಡಿತು. ಆಮೇಲೆ ಬರುತ್ತೇನೆಂದು ಸುಳ್ಳು ಹೇಳಿ ಹೊರಗೆ ಬಂದೆ...

ರಿವಾಲ್ವರು ನನ್ನದಲ್ಲ. ನಮ್ಮ ಪಕ್ಕದ ಮನೆಯ ಮಂಡಿ ಯಜಮಾನರದು. ಮಾಯಸಂದ್ರದ ಕಡೆಯ ನಮ್ಮ ಊರಿನಲ್ಲಿ ಅವರ ತೋಟ, ತಿಪಟೂರಿನಲ್ಲಿ ಅವರ ಕೊಬ್ಬರಿ ಮಂಡಿ. ಇದು ವರ್ಷಗಳ ಹಿಂದಿನ ಮಾತು; ಆಗ ನಾನು ಹೈಸ್ಕೂಲು ಮೇಷ್ಟ್ರು. ಶಾಲೆ ಮುಗಿಸಿ ಬಂದವನು ಅವರ ಜಗಲಿಯಲ್ಲಿ ಕೂತು ಲೋಕದ ಆಗುಹೋಗುಗಳನ್ನು ತಿದ್ದುತ್ತಿದ್ದೆ. ಅವರ ದನಿ ಎಂಥದೆಂದರೆ, ಜಗಲಿಯಲ್ಲಿ ಕೆಮ್ಮಿದರೆ ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿಗಳೊಳಗೆ ಕೊಬ್ಬರಿ ಅಲ್ಲಾಡೀತು ಅನ್ನಿಸುತ್ತಿತ್ತು. ಇಂಥ ಮನುಷ್ಯನಿಗೆ ಆಯುಧ ಯಾಕೆ ಎಂದು ಯಾರೂ ಕೇಳಲಿಲ್ಲ. ಹರಾಜು ಮುಗಿಸಿ ಮನೆಗೆ ಹೊರಟಿದ್ದ ಇನ್ನೊಬ್ಬ ವರ್ತಕರನ್ನು ಕಿಬ್ಬನಹಳ್ಳಿಯ ಆಚೆ ಯಾರೋ ಅಡ್ಡಗಟ್ಟಿ ಕೈ ಮುರಿದು ಹೋಗಿದ್ದರು. ಯಜಮಾನರು ಪರವಾನಗಿಗೆ ಅರ್ಜಿ ಹಾಕಿದರು. ಬಹಳ ಓಡಾಟದ ನಂತರ ಅದು ಬಂತು.

ಅವರು ಆರಿಸಿ ತಂದದ್ದು ಅಂಗೈಯಷ್ಟೇ ಅಗಲದ, ಗಿಡ್ಡ ಮೂತಿಯ, ಬಲು ಹಗುರದ ರಿವಾಲ್ವರು. ಮಾರಿದವನು "ಸೊಂಟದಲ್ಲಿದ್ದರೆ ಮರೆತೇ ಹೋಗುತ್ತೆ" ಎಂದಿದ್ದನಂತೆ. ಊರಿಗೆ ಊರೇ ಬಂದು ದರ್ಶನ ಪಡೆಯಿತು. ಆಯುಧಪೂಜೆಯಲ್ಲಿ ಕಾಯಿ ಸುಲಿಯುವ ಮಚ್ಚು, ತಕ್ಕಡಿ, ಟ್ರ್ಯಾಕ್ಟರುಗಳ ನಡುವೆ ಅದಕ್ಕೂ ಕುಂಕುಮವಿಟ್ಟು ಕುಂಬಳಕಾಯಿ ಒಡೆದರು.

ಅಭ್ಯಾಸ ಮಾಡದೆ ಇಟ್ಟುಕೊಳ್ಳಬಾರದೆಂದು ಯಾರೋ ಹೇಳಿದ್ದರಿಂದ ಅವರು ಬೆಂಗಳೂರಿನ ಗುಂಡು ಹಾರಿಸುವ ಮೈದಾನಕ್ಕೆ ಹೊರಟರು. "ಮೇಷ್ಟ್ರೇ, ನೀವೂ ಬನ್ನಿ, ಒಬ್ನೇ ಹೋದ್ರೆ ಯಾರೂ ನಂಬಕಿಲ್ಲ" ಎಂದು ನನ್ನನ್ನೂ ಸಾಕ್ಷಿಯಾಗಿ ಕರೆದೊಯ್ದರು. ಅಲ್ಲಿ ಕಲಿಸುತ್ತಿದ್ದವರು ಆಯುಧವನ್ನು ಕೈಯಲ್ಲಿ ತೂಗಿ ನೋಡಿ ಮುಖ ಸಣ್ಣದು ಮಾಡಿದರು. "ಇದು ಹೊರೋಕೆ ಸುಖ, ಹೊಡೆಯೋಕೆ ಕಷ್ಟ ಸಾರ್. ಭಾರದ್ದಾದ್ರೆ ಕಬ್ಬಿಣವೇ ತಡ್ಕೊಳ್ಳೋ ಒದೆತಾನ ಇದ್ರಲ್ಲಿ ನಿಮ್ಮ ಕೈ ತಡ್ಕೋಬೇಕಾಗುತ್ತೆ" ಎಂದರು. ಹಿಡಿಯನ್ನು ಎಷ್ಟು ಮೇಲೆ ಹಿಡಿಯಬಹುದೋ ಅಷ್ಟು ಮೇಲೆ ಹಿಡಿಯಬೇಕು, ಎರಡೂ ಕೈ ಕೊಡಬೇಕು, ಮೈ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಕುದುರೆಯನ್ನು, ಅಂದರೆ ಟ್ರಿಗರನ್ನು, ಜಗ್ಗದೆ ನಿಧಾನವಾಗಿ ಒತ್ತಬೇಕು. ಮುಖ್ಯವಾಗಿ, ಒದೆಯುತ್ತದೆಂದು ಮೊದಲೇ ಹೆದರಿ ಕಣ್ಣು ಮುಚ್ಚಬಾರದು. ಅಭ್ಯಾಸಕ್ಕೆ ಕಡಿಮೆ ಮದ್ದಿನ ಮೆದು ತೋಟಾ ತನ್ನಿ, ಹಿಡಿಗೆ ದಪ್ಪ ರಬ್ಬರು ಹಾಕಿಸಿ ಎಂದೂ ಹೇಳಿದರು. ಯಜಮಾನರು ಎಲ್ಲಕ್ಕೂ ತಲೆಯಾಡಿಸಿ, ಬಲಗೈ ಒಂದನ್ನೇ ಚಾಚಿ, ಮಂಡಿಯಲ್ಲಿ ಬೆಲೆ ಕೂಗುವ ಠೀವಿಯಲ್ಲಿ ಹೊಡೆದರು.

ರಿವಾಲ್ವರು ಆಕಾಶ ನೋಡಿತು. ಹೆಬ್ಬೆಟ್ಟಿನ ಬುಡದ ಚರ್ಮ ಸೀಳಿ ರಕ್ತ ಬಂತು. ಎರಡನೆಯ ಸಲ ಗುಂಡು ಹಾರುವ ಮೊದಲೇ ಅವರ ಕಣ್ಣು ಮುಚ್ಚಿದ್ದವು. ಮೂರನೆಯದನ್ನು ಹೊಡೆಯಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಕರವಸ್ತ್ರ ಸುತ್ತಿದ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. "ಎಮ್ಮೆ ಒದ್ದಂಗೆ ಒದೀತು ಕಣ್ರೀ" ಎಂದರು ಒಮ್ಮೆ. ನಾನು ನಕ್ಕೆ. ಅವರೂ ನಕ್ಕರು, ಸ್ವಲ್ಪ ತಡವಾಗಿ.

ಆಮೇಲೆ ಶುರುವಾದದ್ದು ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂಬ ಪ್ರಶ್ನೆ. ರಬ್ಬರು ಹಿಡಿ ಹಾಕಿಸಿದರು. ಕೈಗೆ ಅದು ಮೆತ್ತಗಿತ್ತು. ಆದರೆ ಅಂಗಿ ಅದಕ್ಕೆ ಅಂಟಿಕೊಂಡು, ಸೊಂಟದಲ್ಲಿ ಗಡ್ಡೆ ಎದ್ದಂತೆ ಕಾಣುತ್ತಿತ್ತು. ರಬ್ಬರು ತೆಗೆಸಿ ಮತ್ತೆ ತೆಳ್ಳನೆಯ ಮರದ ಹಿಡಿ ಹಾಕಿಸಿದರು. ನೋಡಲು ಚಂದವಾಯಿತು, ಹೊಡೆದರೆ ಮತ್ತೆ ಕೈ ಸೀಳುವುದು ಖಾತ್ರಿಯಾಯಿತು. ಪಂಚೆಗೆ ಸಿಕ್ಕಿಸಿದರೆ ಪಂಚೆಯೇ ಜಾರುತ್ತಿತ್ತು. ಪಂಚೆಯ ಮೇಲೆ ಬೆಲ್ಟು ಬಿಗಿದರೆ ಹೊಟ್ಟೆ ಒಪ್ಪುತ್ತಿರಲಿಲ್ಲ. ಕೊನೆಗೆ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ದಪ್ಪ ಬಟ್ಟೆ ಕೊಟ್ಟು ಹೊಲಿಸಿದರು. ಅದು ತೊಡೆಗೆ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು. ಊಟಕ್ಕೆ ಕೂತಾಗ ಅವರ ಮನೆಯಾಕೆ, "ಮಗು ಎತ್ಕಂಡ್ ಉಂಡಂಗೆ ವಾಲ್ಕಂಡ್ ಉಣ್ತೀರಲ್ಲ, ಅದನ್ನ ಒಂದ್ಗಳಿಗೆ ಗೂಟಕ್ಕೆ ನೇತಾಕ್ಬಾರ್ದಾ?" ಎನ್ನುತ್ತಿದ್ದರು.

"ಇದೇನು ಅಂಗೀನೇನೇ ಗೂಟಕ್ಕಾಕಕ್ಕೆ? ಜವಾಬ್ದಾರಿ ಕಣೇ ಇದು!"

"ಆಯ್ತು, ಜವಾಬ್ದಾರಿಗೂ ಒಂಚೂರು ಸಾರು ಬಡಿಸ್ಲಾ?"

ಈ ಜವಾಬ್ದಾರಿಗೆ ಎಣ್ಣೆ ಹಚ್ಚಬೇಕೆಂದು ಯಜಮಾನರಿಗೆ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಎಣ್ಣೆ ಎಂದರೆ ಒಂದೇ. ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ. ಅವರ ಗಾಣದಲ್ಲೇ ತೆಗೆದ ಕೊಬ್ಬರಿ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಮೊದಲು ತೊಡೆಯ ಉರಿಗೆ ಸವರಿ, ಉಳಿದದ್ದನ್ನು ರಿವಾಲ್ವರಿನ ಸಂದುಸಂದಿಗೂ ಧಾರಾಳವಾಗಿ ಬಿಡುತ್ತಿದ್ದರು. ಬೇಸಿಗೆ ಪೂರ್ತಿ ಅದು ಮದುಮಗನಂತೆ ಮಿನುಗಿತು.

ಧನುರ್ಮಾಸ ಬಂತು. ಆ ಚಳಿಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಬೆಳ್ಳಗೆ ಹೆಪ್ಪುಗಟ್ಟುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತಲೆಗೆ ಹಚ್ಚಲು ಸೀಸೆಯನ್ನು ಒಲೆಯ ಪಕ್ಕ ಇಟ್ಟು ಕರಗಿಸುತ್ತೇವೆ. ರಿವಾಲ್ವರನ್ನು ಯಾರೂ ಒಲೆಯ ಪಕ್ಕ ಇಡಲಿಲ್ಲ.

ಒಂದು ಬೆಳಿಗ್ಗೆ ಅವರ ಕಣದಲ್ಲಿ ಹೆಂಗಸರು ಕಾಯಿ ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ನಾನು ಶಾಲೆಗೆ ಹೊರಡುವ ಮುನ್ನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಬೇಲಿಯ ಸಂದಿನಿಂದ ಒಂದು ನಾಯಿ ಒಳಗೆ ಬಂತು. ಬಾಯಲ್ಲಿ ಜೊಲ್ಲು, ಕತ್ತು ಓರೆ, ಕಾಲು ಎಳೆಯುವ ನಡಿಗೆ. ಯಾರೋ "ಹುಚ್ಚುನಾಯಿ!" ಎಂದು ಕಿರುಚಿದರು. ಹೆಂಗಸರು ಚಿಪ್ಪಿನ ರಾಶಿಯ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತರು. ಆಚೆ ಹೋಗಲು ದಾರಿ ಇರಲಿಲ್ಲ.

ಯಜಮಾನರು ಹೊರಗೆ ಬಂದರು. ಚಡ್ಡಿಯ ಜೇಬಿನಿಂದ ರಿವಾಲ್ವರು ತೆಗೆದರು. ಈ ಸಲ ಎರಡೂ ಕೈ ಕೊಟ್ಟರು, ಮೈ ಮುಂದಕ್ಕೆ ಬಾಗಿಸಿದರು. ಮೈದಾನದ ಪಾಠವನ್ನು ಅಕ್ಷರಶಃ ಪಾಲಿಸಿದರು.

"ಹೊಡೀರಿ ಯಜಮಾನ್ರೇ! ಇಷ್ಟು ದಿನ ಹೊತ್ಕಂಡ್ ತಿರುಗಿದ್ದು ಇವತ್ತಿಗಲ್ವಾ?" ಎಂದು ಒಬ್ಬಾಕೆ ಕೂಗಿದಳು.

ಅವರು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಎಣ್ಣೆ, ಧೂಳು, ಕೊಬ್ಬರಿ ನಾರು ಎಲ್ಲ ಸೇರಿ ಒಳಗೆ ಮೇಣವಾಗಿತ್ತು. ಕುದುರೆ ಕದಲಲಿಲ್ಲ. ಆಗ ನಾನು ಅವರ ಮುಖ ನೋಡಿದೆ. ನೋಡಬಾರದಿತ್ತು. ಆ ಮುಖದಲ್ಲಿ ಗಾಬರಿ ಇರಲಿಲ್ಲ. ಕೆಟ್ಟ ಕನಸಿನಿಂದ ಎಚ್ಚರವಾದವನಿಗೆ ಆಗುವಂಥ ನೆಮ್ಮದಿ ಇತ್ತು... ಅವರು ತಲೆ ಎತ್ತಿದರು. ನಾನು ಅದನ್ನು ಕಂಡುಬಿಟ್ಟೆನೆಂದು ಅವರಿಗೂ ತಿಳಿಯಿತು.

ಅಷ್ಟರಲ್ಲಿ ಅವರ ಮನೆಯಾಕೆ ಒಣಗಿದ ತೆಂಗಿನ ಮಟ್ಟೆ ಹಿಡಿದು ನಾಯಿಗೂ ಹೆಂಗಸರಿಗೂ ನಡುವೆ ಹೋಗಿ ನಿಂತಿದ್ದರು. ನಾಯಿ ಎಗರಿ ಅವರ ಮುಂದೋಳಿಗೆ ಬಾಯಿ ಹಾಕಿತು. ಕಾಯಿ ಕೀಳುವವರು ಬಿದಿರ ಗಳುಗಳ ಸಮೇತ ಓಡಿಬಂದು ಅದನ್ನು ಹೊಡೆದು ಹಾಕಿದರು. ಗಾಯ ತೊಳೆದು ಆಸ್ಪತ್ರೆಗೆ ಕರೆದೊಯ್ದೆವು. ಚುಚ್ಚುಮದ್ದುಗಳೆಲ್ಲ ಆದವು. ಅವರು ಉಳಿದರು.

ಯಜಮಾನರು ಮಾರನೆಯ ದಿನ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಆ ದೊಡ್ಡ ದನಿ ಹೊಸ್ತಿಲು ದಾಟುವಷ್ಟೂ ಇರಲಿಲ್ಲ.

"ಅದು ಗಟ್ಟಿಯಾಗಿರೋದು ನಂಗೆ ಹೋದ ವಾರವೇ ಗೊತ್ತಿತ್ತು ಮೇಷ್ಟ್ರೇ. ಬಿಚ್ಚಿ ಒರೆಸ್ಬೋದಿತ್ತು. ಇರ್ಲಿ ಬುಡು ಅಂದ್ಕಂಡೆ. ಹಿಂಗಿದ್ರೆ ಯಾರೂ ಹೊಡಿ ಅನ್ನಕಾಗಲ್ವಲ್ಲ..." ಎಂದರು. ಹೊರಡಲು ತಿರುಗಿ, "ಪಾಪ, ಅವಳು ನನ್ನ ನಂಬ್ಕಂಡು ಮುಂದೆ ಹೋದ್ಲು" ಎಂದು ಹೊರಟುಹೋದರು.

ತರಗತಿಯಲ್ಲಿ ಧೈರ್ಯದ ಬಗ್ಗೆ ಪ್ರಬಂಧ ಬರೆಸುತ್ತಿದ್ದ ನಾನು ಬಾಗಿಲು ಮುಂದೆ ಮಾಡಿಕೊಂಡೆ. ಯಜಮಾನರು ರಿವಾಲ್ವರನ್ನು ಠಾಣೆಗೆ ಒಪ್ಪಿಸಿದರು. ಜಗಲಿಯ ಕೂಟ ತಾನಾಗಿ ನಿಂತಿತು. ಬೀದಿಯಲ್ಲಿ ಎದುರಾದರೆ ಅವರು ತಲೆ ತಗ್ಗಿಸುತ್ತಿದ್ದರು, ನಾನೂ ತಗ್ಗಿಸುತ್ತಿದ್ದೆ. ಒಬ್ಬ ದೊಡ್ಡ ಮನುಷ್ಯ ಹೆದರಿದ್ದನ್ನು ಕಂಡವನಿಗೂ ಅದರ ನಾಚಿಕೆಯಲ್ಲಿ ಪಾಲು ಬರುತ್ತದೆ. ನನ್ನ ಪಾಲು ಇನ್ನೂ ಖರ್ಚಾಗಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ನಮ್ಮ ನಡುವೆ ಆ ಹೊಸ್ತಿಲ ಮಾತೇ ಕೊನೆಯ ಮಾತಾಯಿತು.

ತಿಪಟೂರಿನಿಂದ ಬಂದ ಸಂಜೆ, ಬಹಳ ದಿನಗಳ ಮೇಲೆ, ಅವರ ಜಗಲಿಗೆ ಹೋದೆ. ಮನೆಯಾಕೆ ಒಬ್ಬರೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮುಂದೋಳಿನ ಗಾಯದ ಗುರುತು ಸುಕ್ಕುಗಳ ನಡುವೆ ಇನ್ನೂ ಕಾಣುತ್ತಿತ್ತು. ಮಾತು ಎಲ್ಲೆಲ್ಲೋ ಸುತ್ತಿ ಅಲ್ಲಿಗೇ ಬಂತು. ಯಜಮಾನರು ಅವತ್ತು ಹೊಸ್ತಿಲಲ್ಲಿ ನಿಂತು ಆಡಿದ ಕೊನೆಯ ಮಾತನ್ನು ಹೇಳಿದೆ.

ಅವರ ಕೈ ನಿಂತಿತು.

"ನಂಬ್ಕಂಡಾ? ಬೆಂಗಳೂರಿಂದ ಬಂದ್ಮೇಲೆ ಕುಕ್ಕರ್ ಕೂಗಿದ್ರೂ ಹೆಬ್ಬೆಟ್ಟು ಮಡಚ್ಕಳೋರು ಮೇಷ್ಟ್ರೇ. ಅವ್ರ ಕೈಲಿ ಆಗಕಿಲ್ಲ ಅಂತ ನಂಗೊತ್ತಿರ್ಲಿಲ್ವಾ? ಅದ್ಕೇ ತಾನೇ ನಾನು ಹೋಗಿದ್ದು."

"ಅವರಿಗೆ ಹೇಳ್ಲಿಲ್ವೇನಮ್ಮಾ ಇದನ್ನ?"

"ಹೇಳಿದ್ರೆ ಇನ್ನೂ ನಾಚ್ಕಳೋರು ಅಂತ ಸುಮ್ನಿದ್ದೆ" ಎಂದು ಅವರು ಮತ್ತೆ ಕಾಯಿ ಬಿಡಿಸತೊಡಗಿದರು. ನಾನೂ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡೆ. ಈ ಮಾತು ಕೇಳಬೇಕಾಗಿದ್ದ ಆ ಒಬ್ಬರು ಇಲ್ಲದ ಜಗಲಿಯಲ್ಲಿ, ಬುಟ್ಟಿ ಬರಿದಾಗುವವರೆಗೆ ಇಬ್ಬರೂ ಬಿಡಿಸುತ್ತಾ ಕೂತೆವು.