ಬೂದಿ ನೋಡಿ ಬಂದ ಮಂಟಯ್ಯ

ಸರಗೂರಿನಿಂದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಯಾರ ಹೊಲದ ಬದುವಿಗೆ ಜಗಳವಾದರೂ ಮಂಟಯ್ಯ ಮಾವನನ್ನು ಕರೆಯುತ್ತಿದ್ದರು. ಓದು ಬರಹ ಅಷ್ಟಕ್ಕಷ್ಟೆ, ಕೋಪ ಮೂಗಿನ ತುದಿಯಲ್ಲಿ. ಆದರೆ ನ್ಯಾಯಕ್ಕೆ ಕೂತರೆ ಒಂದು ಕಟ್ಟುಪಾಡು. ವ್ಯಾಜ್ಯ ಮುಗಿಯುವವರೆಗೆ ನ್ಯಾಯ ಹೇಳುವವನು ಎರಡು ಕಡೆಯವರ ಮನೆಯಲ್ಲೂ ತೊಟ್ಟು ನೀರು ಕುಡಿಯಬಾರದು. ಉಂಡಿದ್ದರೆ ಬಾಯಿ ತೆರೆಯಬಾರದು. ಒಂದು ಕಡೆಯವರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಬಂದ ತಪ್ಪಿಗೆ, ಜೊತೆಗೆ ನ್ಯಾಯಕ್ಕೆ ಕೂತಿದ್ದ ಸ್ವಂತ ಭಾವಮೈದುನನನ್ನೇ ಕಟ್ಟೆಯಿಂದ ಎಬ್ಬಿಸಿ ಕಳಿಸಿದ್ದ. ಊರಿನವರು ಇದನ್ನು ಆಡಿಕೊಂಡು ನಗುತ್ತಿದ್ದರು, ಜಗಳವಾದರೆ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ನಮ್ಮ ಹೊಲಗಳಿರುವ ಜಾಗಕ್ಕೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬರುತ್ತದೆ ಎಂದು ಸುದ್ದಿಯಾಯಿತು. ಜನ ರೇಗಿದಾಗ ಸರ್ಕಾರದವರು ಹೊಸ ರಾಗ ತೆಗೆದರು. ಇದು ಹಳೇ ಕಾಲದ ಸ್ಥಾವರವಲ್ಲವಂತೆ, ಹೊಸ ತಂತ್ರಜ್ಞಾನವಂತೆ, ಹೊಗೆಯಲ್ಲಿರುವ ಬೂದಿಯನ್ನೆಲ್ಲ ಯಂತ್ರವೇ ಹಿಡಿದುಕೊಳ್ಳುತ್ತದಂತೆ. ಇದೇ ಕಂಪನಿ ನಮ್ಮ ರಾಜ್ಯದಲ್ಲೇ ಉತ್ತರದ ಕಡೆ ಒಂದು ಊರಿನಲ್ಲಿ ಆ ಯಂತ್ರ ಹಾಕಿ ನಡೆಸುತ್ತಿತ್ತು. ಅದು ನೆಟ್ಟಗೆ ಕೆಲಸ ಮಾಡುತ್ತದೋ ಇಲ್ಲವೋ ನೋಡಿ ಬರಲು ಸರ್ಕಾರ ಒಂದು ಉಸ್ತುವಾರಿ ಸಮಿತಿ ಮಾಡಿತು. ಸಮಿತಿ ಒಪ್ಪಿದರೆ ಮಾತ್ರ ನಮ್ಮಲ್ಲಿ ಸ್ಥಾವರ. ಅದರಲ್ಲಿ ಊರಿನ ಪರವಾಗಿ ಒಬ್ಬನಿರಬೇಕು ಎಂದಾಗ ಎಲ್ಲರೂ ಮಾವನ ಹೆಸರನ್ನೇ ಹೇಳಿದರು.

ಮಾವ ಇದನ್ನೂ ಒಂದು ನ್ಯಾಯವೆಂದೇ ತಿಳಿದ. ಊರು ಒಂದು ಕಡೆ, ಕಂಪನಿ ಇನ್ನೊಂದು ಕಡೆ, ನಡುವೆ ತಾನು. ಭದ್ರಮ್ಮತ್ತೆಯ ಕೈಯಲ್ಲಿ ಅವಲಕ್ಕಿ, ಬೆಲ್ಲ, ಹುರಿಗಡಲೆಯ ಗಂಟು ಕಟ್ಟಿಸಿಕೊಂಡು ಹೊರಟ. ಸಮಿತಿಯ ಸಾಹೇಬರಿಗೆ ಇಂಥ ಯಾವ ಕಾಟವೂ ಇರಲಿಲ್ಲ. ಇಳಿದುಕೊಂಡದ್ದು ಕಂಪನಿಯ ಗೆಸ್ಟ್ ಹೌಸಿನಲ್ಲಿ, ತಿರುಗಿದ್ದು ಕಂಪನಿಯ ಕಾರಿನಲ್ಲಿ. ತಣ್ಣನೆಯ ಕೋಣೆಯಲ್ಲಿ ಕೂತು ಪರದೆಯ ಮೇಲೆ ಯಂತ್ರದ ಚಿತ್ರ ನೋಡಿದರು, ಕಾರಿನ ಗಾಜಿನೊಳಗಿಂದ ಚಿಮಣಿ ನೋಡಿದರು, ಆಮೇಲೆ ಕೋಳಿಯ ಮೇಲೆ ಬಿದ್ದರು. ಯಾರ ತಪ್ಪು ಹುಡುಕಲು ಹೋದರೋ ಅವರ ಮನೆಯಲ್ಲೇ ಮೊಣಕೈವರೆಗೆ ನೆಕ್ಕಿಕೊಂಡು ಕೂತವರನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಅವರು ಉಣ್ಣುತ್ತಿದ್ದಾಗ ಮಾವ ಗಂಟು ಹಿಡಿದು ಗೇಟಿನಾಚೆ ನಡೆದ. ಕಾಂಪೌಂಡಿನ ಹಿಂದೆಯೇ ಒಂದು ಹಳ್ಳಿ. ಒಂದು ಮನೆಯ ಜಗಲಿಯಲ್ಲಿ ಕೂತು ನೀರು ಕೇಳಿದ. ಆ ಮನೆಯಾಕೆ ಕೊಡದ ಮೇಲೆ ಮುಚ್ಚಿದ್ದ ತಟ್ಟೆಯಲ್ಲಿ ಕೂತಿದ್ದ ಬೂದಿಯನ್ನು ಸೆರಗಿನಿಂದ ಒರೆಸಿ, ಲೋಟವನ್ನೂ ಒರೆಸಿ, ನೀರಿನ ಮೇಲೆ ತೇಲುತ್ತಿದ್ದುದನ್ನು ಚೆಲ್ಲಿ ಕೊಟ್ಟಳು. ಯಾರಾದರೂ ನೋಡಲು ಬಂದಾಗ ಯಂತ್ರ ಓಡಿಸುತ್ತಾರೆ, ಹೋದ ಮೇಲೆ ಕರೆಂಟು ಉಳಿಸಲು ನಿಲ್ಲಿಸುತ್ತಾರೆ ಎಂದಳಂತೆ. ನೋಡಲು ಬಂದವರಲ್ಲಿ ಗೋಡೆ ದಾಟಿ ನಮ್ಮ ಮನೆವರೆಗೆ ಬಂದವರು ನೀವೇ ಮೊದಲು ಎಂದೂ ಹೇಳಿದಳಂತೆ.

ಮಾವ ವಾಪಸು ಬಂದು ಇದನ್ನು ಸಮಿತಿಯ ದೊಡ್ಡ ಸಾಹೇಬನಿಗೆ ಹೇಳಿದ. ಆತ ಮೂಳೆ ಚೀಪುತ್ತಲೇ, ತಮ್ಮ ಉಸ್ತುವಾರಿ ಕಾಂಪೌಂಡಿನ ಒಳಗಷ್ಟೇ, ಹೊರಗಿನದು ಬೇರೆ ಇಲಾಖೆಗೆ ಸೇರಿದ್ದು ಎಂದನಂತೆ. ಥೂ ಅನ್ನಬೇಕು ಅಂಥ ಬಾಯಿಗೆ.

ತಿಂಗಳೊಪ್ಪತ್ತಿನಲ್ಲಿ ನಮ್ಮೂರ ಸ್ಕೂಲಿನ ಮೈದಾನದಲ್ಲಿ ಸಭೆ ಕರೆದರು. ಶಾಮಿಯಾನ ಹಾಕಿ, ಮೊದಲು ಬಿರಿಯಾನಿ, ಆಮೇಲೆ ಮಾತು ಎಂದರು. ನಮ್ಮವರೂ ಸಾಲಾಗಿ ಕೂತು ಬಾರಿಸಿದರು, ಮಾವ ಮಾತ್ರ ತಟ್ಟೆ ಮುಟ್ಟಲಿಲ್ಲ. ಆದರೂ ಮಂಟಯ್ಯ ನೋಡಿದ್ದನ್ನು ಹೇಳಿಬಿಟ್ಟರೆ ಊರು ಅವನ ಹಿಂದೆ ನಿಲ್ಲುತ್ತದೆ, ಹೊಲ ಉಳಿಯುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇತ್ತು. ಇದು ಕಂಪನಿಯ ಪರವಾಗಿ ಹಳ್ಳಿ ಹಳ್ಳಿ ಸುತ್ತುತ್ತಿದ್ದ, ಕೋಟೆ ಪಟ್ಟಣದ ಕಾಂತರಾಜುಗೂ ಗೊತ್ತಿತ್ತು.

ಮಾವ ಮೈಕಿನ ಮುಂದೆ ನಿಂತದ್ದೇ ಕಾಂತರಾಜು ಇನ್ನೊಂದು ಮೈಕು ಹಿಡಿದ.

“ಯಜಮಾನ್ರೇ, ಮೂರು ತಿಂಗಳಿಂದ ನಿಮ್ಮನೇಲಿ ಬೇಯ್ತಿರೋದು ನಮ್ಮ ಕಂಪನಿ ಅಕ್ಕಿ. ನಿಮ್ಮ ಚಲುವರಾಜು ನಮ್ಮ ಸರ್ವೇ ಜೀಪು ಓಡುಸ್ತಾವ್ನೆ. ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಕೊಪ್ಪದಲ್ಲಿ ಶುಂಠಿ ಲಾರಿ ಓಡಿಸುತ್ತಿದ್ದೇನೆ ಎಂದು ಮಗ ಮನೆಯಲ್ಲಿ ಹೇಳಿದ್ದ. ಮಾವ ಜನರ ನಡುವೆ ಅವನನ್ನು ಹುಡುಕಿ, “ದಿಟವೇನ್ಲಾ?” ಎಂದ. ಚಲುವರಾಜು ಹೂಂ ಎಂದು ತಲೆ ಆಡಿಸಿದ.

ನಾನು ಮುಂದಕ್ಕೆ ಓಡಿ, ಕಟ್ಟುಪಾಡು ಹಾಳಾಗಲಿ, ಬೂದಿಯ ಸಂಗತಿ ಹೇಳಿಬಿಡು ಎಂದು ಅಂಗಲಾಚಿದೆ. ಅವನು ನನ್ನ ಕೈ ಬಿಡಿಸಿಕೊಂಡ.

“ಬ್ಯಾರೇರ್ಗೊಂದು ನ್ಯಾಯ, ನಂಗೊಂದು ನ್ಯಾಯ್ವಾ? ಉಂಡ್ಬುಟ್ಟಿವ್ನಿ ಕಣಪ್ಪ. ಇನ್ನು ನಾನು ಬಾಯಿ ಬುಡಂಗಿಲ್ಲ.”

ಮೈಕಿನಲ್ಲಿ ಅದೂ ಎಲ್ಲರಿಗೂ ಕೇಳಿಸಿತು. ಮಾವ ಹೋಗಿ ತನ್ನ ಜಾಗದಲ್ಲಿ ಕೂತ. ಅವನ ಮೇಲೂ ನನಗೆ ಸಿಟ್ಟು ಬಂತು. ಕಣ್ಣಾರೆ ಕಂಡವನು ಅವನೊಬ್ಬನೇ, ಅವನೇ ಕೂತ ಮೇಲೆ ಊರಿನವರೊಬ್ಬರೂ ಏಳಲಿಲ್ಲ. ದೊಡ್ಡ ಸಾಹೇಬ ಎದ್ದು, ಗ್ರಾಮದ ಪ್ರತಿನಿಧಿಯ ಆಕ್ಷೇಪಣೆ ಏನೂ ಇಲ್ಲ, ಸಮಿತಿ ಒಮ್ಮತದಿಂದ ಒಪ್ಪಿದೆ ಎಂದು ಸಾರಿದ. ವೇದಿಕೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಆಮೇಲೆ ಆ ಸಾಹೇಬ ತಾನೇ ಒಂದು ತಟ್ಟೆ ತುಂಬ ಬಿರಿಯಾನಿ ಹಾಕಿಸಿಕೊಂಡು ಮಾವನ ಹತ್ತಿರ ಬಂದ. ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದ.

“ಯಜಮಾನರೇ, ಇನ್ನೇನು, ಈಗ ಊಟ ಮಾಡಬಹುದಲ್ಲ?”